ಮುಯ್ಯಿ ಪುಸ್ತಕದ ಮೂರನೇ ಕಾಲಂ

ನಮ್ಮ ಚಿತ್ರದುರ್ಗದ ಕಡೆ ಮದುವೆಗೆ ಹೋದರೆ ಒಂದು ಟೇಬಲ್ ಗಮನಿಸಿ. ಊಟದ ಹಾಲ್‌ನ ಬಾಗಿಲ ಹತ್ತಿರ ಇರುತ್ತೆ. ಅದರ ಮೇಲೆ ಒಂದು ಉದ್ದನೆ ನೋಟ್‌ಬುಕ್ಕು, ಹಿಂದೆ ಅಕ್ಷರ ದುಂಡಗಿರೋ ಒಬ್ಬ ಹುಡುಗ, ಅವನ ಪಕ್ಕ ಲೆಕ್ಕದಲ್ಲಿ ಗಟ್ಟಿಯಾದ ಒಬ್ಬ ಹಿರಿಯರು. ಬಂದವರು ಕವರ್ ಕೊಡ್ತಾರೆ. ಹಿರಿಯರು ಎಣಿಸಿ ಕೂಗ್ತಾರೆ, ಹುಡುಗ ಬರೀತಾನೆ: ಊರು, ಹೆಸರು, ಎಷ್ಟು. ಇದು ಮುಯ್ಯಿ. ಮದುವೆ ಆಲ್ಬಂ ಕಳೆದುಹೋಗಬಹುದು, ಮುಯ್ಯಿ ಪುಸ್ತಕ ಕಳೆಯಲ್ಲ. ಹತ್ತು ವರ್ಷ ಆದಮೇಲೆ ಅವರ ಮನೆಯಲ್ಲಿ ಶುಭಕಾರ್ಯ ಬಂದಾಗ ಬೀರುವಿನಿಂದ ಅದನ್ನ ತೆಗೆದು, ಅವರು ಹಾಕಿದ್ದು ಎಷ್ಟು ಅಂತ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಹಾಕಬೇಕು. ಹೊಲದ ಕೆಲಸಕ್ಕೂ ಇದೇ ಲೆಕ್ಕ. ಇವತ್ತು ನಿಮ್ಮ ಮನೆಯವರು ನಮ್ಮ ಹೊಲದಲ್ಲಿ ಶೇಂಗಾ ಕಿತ್ತರೆ ನಾಳೆ ನಾವು ನಿಮ್ಮ ಹೊಲಕ್ಕೆ ಮುಯ್ಯಾಳು. ಮಳೆ ಕಡಿಮೆ, ಕೈಯಲ್ಲಿ ಕಾಸು ಅದಕ್ಕಿಂತ ಕಡಿಮೆ ಇರೋ ಸೀಮೆಯಲ್ಲಿ ಜನ ಹೀಗೆ ಒಬ್ಬರನ್ನೊಬ್ಬರು ಹಿಡ್ಕೊಂಡು ಬದುಕಿದ್ದಾರೆ. ನಾವು ಬೆಂಗಳೂರಿನಲ್ಲಿ ಸ್ಪ್ಲಿಟ್‌ವೈಸ್ ಹಾಕ್ಕೊಂಡು ಗೋವಾ ಟ್ರಿಪ್ಪಿನ ಲೆಕ್ಕ ಮಾಡ್ತೀವಲ್ಲ, ಅದರ ಅಜ್ಜ ಇದು.

ಆದರೆ ಈ ಪದಕ್ಕೆ ಇನ್ನೊಂದು ಮುಖ ಇದೆ. 'ಮುಯ್ಯಿ ತೀರಿಸ್ಕೊಂಡ' ಅಂದರೆ ಸೇಡು ತೀರಿಸ್ಕೊಂಡ ಅಂತ. 'ಮುಯ್ಯಿಗೆ ಮುಯ್ಯಿ' ಅಂದರೆ ಉಡುಗೊರೆಗೆ ಉಡುಗೊರೆ ಅಂತ ಯಾರೂ ಅರ್ಥ ಮಾಡ್ಕೊಳಲ್ಲ, ಏಟಿಗೆ ಏಟು ಅಂತಲೇ. ಉಪಕಾರಕ್ಕೂ ಅಪಕಾರಕ್ಕೂ ಕನ್ನಡದಲ್ಲಿ ಒಂದೇ ಪುಸ್ತಕ. ಪಡೆದದ್ದನ್ನ ಬರೆಯೋ ಕೈಯೇ ಅನುಭವಿಸಿದ್ದನ್ನೂ ಬರೆದಿಡುತ್ತೆ. ಸಂಬಂಧಿಕರ ಜಗಳ ಕೇಳಿದ್ದೀರಲ್ಲ? 1998ರ ಗೃಹಪ್ರವೇಶಕ್ಕೆ ಕರೆಯಲಿಲ್ಲ ಅನ್ನೋದು ತಾರೀಖಿನ ಸಮೇತ ನೆನಪಿರುತ್ತೆ.

ಈ ಸೇಡಿನ ಕಾಲಮನ್ನ ಪುಸ್ತಕದಿಂದ ಹರಿದು ಹಾಕಿದ ಒಬ್ಬ ಜಪಾನಿ ವ್ಯಾಪಾರಿ ಇದ್ದ. ಹೆಸರು ಯೋಶಿಮೊತೊ ಇಶಿನ್. 1916ರಲ್ಲಿ ನಾರಾ ಪ್ರಾಂತದ ಯಾಮಾತೊ-ಕೋರಿಯಾಮ ಅನ್ನೋ ಊರಲ್ಲಿ ಹುಟ್ಟಿದವನು. ಅವನ ಬೌದ್ಧ ಪಂಗಡದಲ್ಲಿ ಒಂದು ಕಠಿಣ ಆತ್ಮಪರೀಕ್ಷೆ ಇತ್ತು: ಅನ್ನ, ನೀರು, ನಿದ್ದೆ ಬಿಟ್ಟು ಕೂತು ತನ್ನ ಬದುಕನ್ನು ಕೆದಕೋದು. ಅವನು ಒಂದಲ್ಲ, ಹಲವು ಸಲ ಕೂತ. ಆಮೇಲೆ ಅವನಿಗೆ ಅನ್ನಿಸಿದ್ದು, ಇದು ಸಾಮಾನ್ಯ ಜನರಿಗೆ ದಕ್ಕಬೇಕಾದರೆ ಉಪವಾಸನೂ ಬೇಡ, ಮತದ ಮಾತೂ ಬೇಡ. 1940ರ ದಶಕದಲ್ಲಿ ಅದನ್ನ ಇಳಿಸಿ ಇಳಿಸಿ ಮೂರು ಪ್ರಶ್ನೆಗೆ ತಂದ. ಹೆಸರು ನಾಯ್ಕಾನ್. 'ನಾಯ್' ಅಂದರೆ ಒಳಗೆ, 'ಕಾನ್' ಅಂದರೆ ನೋಡೋದು. (ಕನ್ನಡದ 'ಕಾಣ್' ಇದಕ್ಕೆ ಎಷ್ಟು ಹತ್ತಿರ ಕೇಳುತ್ತೆ ನೋಡಿ, ಸಂಬಂಧ ಏನೂ ಇಲ್ಲ, ಆದರೂ ಖುಷಿಯಾಯ್ತು.) ಒಬ್ಬ ವ್ಯಕ್ತಿಯನ್ನ ಮನಸ್ಸಿಗೆ ತಂದ್ಕೊಂಡು ಕೇಳ್ಕೋಬೇಕು: ಇವರಿಂದ ನಾನು ಏನು ಪಡೆದೆ? ಇವರಿಗೆ ನಾನು ಏನು ಕೊಟ್ಟೆ? ಇವರಿಗೆ ನನ್ನಿಂದ ಏನು ತೊಂದರೆ ಆಯ್ತು?

ನಾಲ್ಕನೇ ಪ್ರಶ್ನೆ ಒಂದು ಇರಬೇಕಿತ್ತು ಅಲ್ವಾ? ಇವರಿಂದ ನನಗೆ ಏನು ತೊಂದರೆ ಆಯ್ತು? ಅದನ್ನ ಅವನು ಬೇಕಂತಲೇ ಇಟ್ಟಿಲ್ಲ. ಆ ಪ್ರಶ್ನೆಗೆ ಉತ್ತರ ನಮಗೆ ಯಾರೂ ಕಲಿಸಬೇಕಾಗಿಲ್ಲ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀವಿ.

ನನಗೆ ಇದು ಸಿಕ್ಕಿದ್ದು ಆಫೀಸಿನ ದೆಸೆಯಿಂದ. ಒಂದು ವೆಲ್‌ನೆಸ್ ವಾರ ಮಾಡಿ ಎಲ್ಲರಿಗೂ ಚೆಂದದ ರಟ್ಟಿನ ಗ್ರ್ಯಾಟಿಟ್ಯೂಡ್ ಜರ್ನಲ್ ಹಂಚಿದರು. ದಿನಾ ಮೂರು ಒಳ್ಳೆಯದನ್ನ ಬರೀರಿ ಅಂದರು. ಫಿಲ್ಟರ್ ಕಾಫಿ, ತಂಪು ಹವಾ, ಟ್ರಾಫಿಕ್ ಇಲ್ಲದ ಸಿಲ್ಕ್ ಬೋರ್ಡ್ ಅಂತ ಮೂರು ದಿನ ಬರೆದೆ. ನಾಲ್ಕನೇ ದಿನ ಅದರಲ್ಲಿ ತರಕಾರಿ ಪಟ್ಟಿ ಬಂತು. ಆಮೇಲೆ ಗ್ರೆಗ್ ಕ್ರೆಚ್ ಅನ್ನೋ ಅಮೆರಿಕನ್ ಲೇಖಕ ನಾಯ್ಕಾನ್ ಬಗ್ಗೆ ಬರೆದ ಪುಸ್ತಕ ಓದಿದೆ. ಓದಿದಾಗ ಮೊದಲು ಹೊಳೆದದ್ದು ನಮ್ಮ ಅಪ್ರೈಸಲ್ ಫಾರಂ. ಅಲ್ಲಿ ಎರಡನೇ ಪ್ರಶ್ನೆ ಒಂದೇ ಇರೋದು: ಈ ವರ್ಷ ನೀನು ಏನು ಕೊಟ್ಟೆ? ಹತ್ತು ವರ್ಷದಿಂದ ಅದನ್ನೇ ಬರೀತಾ, ಅದನ್ನೇ ಬೋಲ್ಡ್ ಮಾಡ್ತಾ ಬಂದವರು ನಾವು. ಒಂದನೇ ಮತ್ತು ಮೂರನೇ ಕಾಲಂ ತುಂಬೋ ಅಭ್ಯಾಸವೇ ನಮಗಿಲ್ಲ.

ಆ ಹೊತ್ತಿಗೆ ಮನೆಯಲ್ಲಿ ಒಂದು ವಿಷಯ ನಡೀತಾ ಇತ್ತು. ನಮ್ಮೂರು ಮೊಳಕಾಲ್ಮೂರು. ರೇಷ್ಮೆ ಸೀರೆಯಿಂದ ನಿಮಗೆ ಹೆಸರು ಗೊತ್ತಿರಬಹುದು. ಅಪ್ಪ ನೇಕಾರ. ತನ್ನ ದುಡಿಮೆಯಲ್ಲಿ ಒಂದು ಮನೆ ಕಟ್ಟಿಸಿದ, ಹಿಂದೆ ಎರಡು ಮಗ್ಗ ಹಿಡಿಸೋ ಶೆಡ್ಡು. ಉಯಿಲು ಅಂತ ಏನೂ ಬರೆಯದೇ ತೀರ್ಕೊಂಡ. ಅಮ್ಮ, ಅಕ್ಕ, ನಾನು ಉಳಿದ್ವಿ. ಅಕ್ಕನನ್ನ ಕೊಟ್ಟಿರೋದು ಗಡಿಯಾಚೆ ರಾಯದುರ್ಗಕ್ಕೆ. ವರ್ಷ ತುಂಬಿದ ಮೇಲೆ ದೊಡ್ಡಪ್ಪ ಫೋನ್ ಮಾಡಿ ಹೇಳಿದರು: "ಖಾತೆ ನಿನ್ ಹೆಸರಿಗೆ ಮಾಡಿಸ್ಕೊಂಬಿಡಪ್ಪ. ಹೆಣ್ಮಗಳಿಗೆ ಅರಿಶಿನ-ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸು. ಅವಳೇನು ಒಲ್ಲೆ ಅಂತಾಳಾ?"

ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಈ ಫೋನ್ ಬಂದಿರುತ್ತೆ, ಇಲ್ಲಾ ಬರುತ್ತೆ. ಅಕ್ಕ ಒಲ್ಲೆ ಅಂದಿರಲಿಲ್ಲ. ಆಯ್ತು ಅಂತಲೂ ಅಂದಿರಲಿಲ್ಲ. ಅವಳನ್ನ ಕೇಳೋದಕ್ಕೆ ಮುಂಚೆ ಎಲ್ಲರೂ ಅವಳ ಪರವಾಗಿ ಉತ್ತರ ಹೇಳಿ ಮುಗಿಸಿದ್ದರು. ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದು 2005ರ ತಿದ್ದುಪಡಿಯಿಂದ ಅಂತ ನಮ್ಮ ಕಡೆ ತಿಳ್ಕೊಂಡಿದ್ದಾರೆ. ಅದು ಪಿತ್ರಾರ್ಜಿತದ ವಿಷಯ. ತಂದೆ ಸ್ವಂತ ಸಂಪಾದಿಸಿ, ಉಯಿಲು ಬರೆಯದೆ ಹೋದರೆ ಹೆಂಡತಿ, ಮಗ, ಮಗಳಿಗೆ ಸಮಪಾಲು ಅನ್ನೋದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ನಾನು ದೊಡ್ಡಪ್ಪನಿಗೆ "ನೋಡೋಣ, ಊರಿಗೆ ಬರ್ತೀನಿ" ಅಂತ ಹೇಳಿ ಐದು ದಿನ ರಜೆ ಹಾಕಿದೆ. ನೇರ ಊರಿಗೆ ಹೋಗಲಿಲ್ಲ. ಚಳ್ಳಕೆರೆಯಲ್ಲಿ ಇಳ್ಕೊಂಡೆ.

ಚಳ್ಳಕೆರೆ ಅಮ್ಮನ ತವರು. ಒಂದು ಕಾಲಕ್ಕೆ ಶೇಂಗಾ ಎಣ್ಣೆ ಮಿಲ್ಲುಗಳಿಂದ ಎಣ್ಣೆ ನಗರ ಅಂತ ಹೆಸರಾದ ಊರು. ಮಾವ ಅಲ್ಲಿ ಒಂದು ಮಿಲ್ಲಿನಲ್ಲಿ ಮೂವತ್ತು ವರ್ಷ ಗುಮಾಸ್ತೆ. ಆ ಮಿಲ್ಲು ಮುಚ್ಚಿ ಎಷ್ಟೋ ಕಾಲ ಆಯ್ತು, ಆದರೂ ಮಾವನ ಮನೆಯ ಹಿಂದಿನ ಕೋಣೆಗೆ ಇನ್ನೂ ಶೇಂಗಾ ಚೀಲದ ವಾಸನೆ ಇದೆ.

ಜಪಾನಿನಲ್ಲಿ ಇದನ್ನ ಏಳು ದಿನ ಮಾಡ್ತಾರೆ. ಕೋಣೆಯ ಮೂಲೆಯಲ್ಲಿ ಮಡಚೋ ಪರದೆ ಇಟ್ಟು, ಅದರ ಹಿಂದೆ ಬೆಳಗಿನ ಜಾವದಿಂದ ರಾತ್ರಿ ಒಂಬತ್ತರ ತನಕ ಕೂರಬೇಕು. ಫೋನ್ ಇಲ್ಲ, ಓದೋದಿಲ್ಲ, ಮಾತಿಲ್ಲ. ಒಂದೆರಡು ಗಂಟೆಗೊಮ್ಮೆ ಒಬ್ಬರು ಬಂದು, ಪರದೆಯ ಮುಂದೆ ತಲೆಬಾಗಿ, ಯಾರನ್ನ ಕುರಿತು ಏನು ನೋಡಿದಿರಿ ಅಂತ ಕೇಳ್ತಾರೆ. ನೀವು ಹೇಳ್ತೀರಿ. ಅವರು ಕೇಳಿ, ಮತ್ತೆ ತಲೆಬಾಗಿ ಹೋಗ್ತಾರೆ. ಅಷ್ಟೆ. 1950ರ ದಶಕದಲ್ಲಿ ಯೋಶಿಮೊತೊ ಇದನ್ನ ಜೈಲುಗಳಿಗೂ ತಗೊಂಡು ಹೋದ. ನನಗೆ ಏಳು ದಿನ ಎಲ್ಲಿಂದ ಬರಬೇಕು, ಮೂರು ದಿನ ಅಂದ್ಕೊಂಡೆ. ಪರದೆಗೆ ಮಾವನ ಮನೆಯ ಕರೀ ಕಂಬಳಿ ಸಿಕ್ತು. ಚಳ್ಳಕೆರೆಯಲ್ಲಿ ಕಂಬಳಿಗೆ ಬರ ಇಲ್ಲ. ಹಗ್ಗ ಕಟ್ಟಿ ಇಳಿಬಿಟ್ಟೆ. ಕೇಳೋದಕ್ಕೆ ಮಾವನನ್ನೇ ಒಪ್ಪಿಸಿದೆ.

"ಬರೀ ಕೇಳಿಸ್ಕೊಂಬೇಕಾ ಅಳಿಯ? ನಾನೇನೂ ಅನ್ನಂಗಿಲ್ವಾ?"

"ಇಲ್ಲ ಮಾವ. ಸಮಾಧಾನನೂ ಹೇಳಂಗಿಲ್ಲ, ಬೈಯಂಗೂ ಇಲ್ಲ."

"ಅಂದ್ರೆ ನಮ್ ಸಾಹುಕಾರ್ರು ದೀಪಾವಳಿಗೆ ಲೆಕ್ಕ ಕೇಳ್ತಿದ್ರಲ್ಲ, ಹಂಗೆ" ಅಂದರು. ಮೂವತ್ತು ವರ್ಷ ಜಮಾ-ಖರ್ಚು ಬರೆದವರು. ಇವರಿಗಿಂತ ಒಳ್ಳೆಯ ಗುರು ನಾರಾದಲ್ಲೂ ಸಿಗ್ತಿರಲಿಲ್ಲ ಅಂತ ಈಗಲೂ ನನ್ನ ನಂಬಿಕೆ.

ರೂಢಿಯಂತೆ ತಾಯಿಯಿಂದ ಶುರು ಮಾಡಬೇಕು. ಬದುಕನ್ನ ಮೂರು-ಮೂರು ವರ್ಷದ ತುಂಡು ಮಾಡ್ಕೊಂಡು, ಒಂದೊಂದು ತುಂಡಿಗೂ ಮೂರೂ ಪ್ರಶ್ನೆ. ಒಂದು ಕಟ್ಟುನಿಟ್ಟು ಇದೆ: ಭಾವನೆ ಬೇಡ, ಘಟನೆ ಬೇಕು. 'ಅಮ್ಮ ನನ್ನನ್ನ ತುಂಬ ಪ್ರೀತಿಯಿಂದ ಸಾಕಿದಳು' ಅಂದರೆ ಅದು ಲೆಕ್ಕಕ್ಕಿಲ್ಲ. 'ಎರಡನೇ ಕ್ಲಾಸಲ್ಲಿ ಮಂಗನಬಾವು ಬಂದಾಗ ಅಮ್ಮ ನನ್ನನ್ನ ಸೊಂಟದ ಮೇಲೆ ಹಾಕ್ಕೊಂಡು ಚಳ್ಳಕೆರೆ ಬಸ್ಸಿನಲ್ಲಿ ನಿಂತ್ಕೊಂಡು ಬಂದಳು' ಅಂದರೆ ಲೆಕ್ಕಕ್ಕಿದೆ. ಮೊದಲ ದಿನ ಅಮ್ಮ, ಎರಡನೇ ದಿನ ಅಪ್ಪ. ಅದನ್ನೆಲ್ಲ ಇಲ್ಲಿ ಬರೆಯಲ್ಲ. ಅಮ್ಮನ ಬಗ್ಗೆ ಎಲ್ಲರೂ ಬರೀತಾರೆ, ಎಲ್ಲರ ಅಮ್ಮನೂ ಒಂದೇ ಥರ ಕೇಳಿಸ್ತಾಳೆ. ಕಾಲು ಜೋಮು ಹಿಡೀತು, ಮಧ್ಯಾಹ್ನ ನಿದ್ದೆ ತೂಗಿತು, ಕಂಬಳಿಯ ಉಣ್ಣೆ ಮೂಗಿಗೆ ಸೇರಿ ಸೀನಿದೆ. ಇಷ್ಟು ಸಾಕು.

ಮೂರನೇ ದಿನ ಅಕ್ಕ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಮೊದಲ ತುಂಡಿನಲ್ಲಿ ಸಣ್ಣ ಸಣ್ಣದು ಬಂತು. ನನ್ನ ಸ್ಲೇಟು ಒಡೆದಾಗ ಸಂಜೆಯೊಳಗೆ ಇನ್ನೊಂದು ಸ್ಲೇಟು ತಂದ್ಕೊಟ್ಟಳು. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ತನಗೆ ಕೊಟ್ಟ ದುಡ್ಡಿನಲ್ಲಿ ನನಗೆ ಪೀಪಿ ಕೊಡಿಸಿದಳು. ಮಾವ ಪರದೆಯಾಚೆ ಕೂತು "ಹೂಂ" ಅಂದರು. ಎರಡನೇ ಪ್ರಶ್ನೆ: ನಾನು ಕೊಟ್ಟಿದ್ದು? ಆ ವಯಸ್ಸಿನಲ್ಲಿ ಏನು ಕೊಟ್ಟೇನು. ಹಾಳೆ ಖಾಲಿ. ಮಾವ "ಹೂಂ" ಅಂದು ಎದ್ದು ಹೋದರು.

ಮುಂದಿನ ತುಂಡಿಗೆ ಬಂದಾಗ ಮಗ್ಗ ಬಂತು. ಮಗ್ಗದ ಕೆಲಸ ನೋಡದವರಿಗೆ ಸ್ವಲ್ಪ ಹೇಳಬೇಕು. ಸೀರೆಯ ಮೈಗೆ ಒಂದು ಬಣ್ಣ, ದೊಡ್ಡ ಅಂಚಿಗೆ ಬೇರೆ ಬಣ್ಣ ಇರೋ ಸೀರೆ ಇರುತ್ತಲ್ಲ, ಕೈಮಗ್ಗದಲ್ಲಿ ಅದಕ್ಕೆ ಮೂರು ಲಾಳಿ ಬೇಕು. ನೇಯೋನಿಗೆ ಇರೋದು ಎರಡೇ ಕೈ. ಆದ್ದರಿಂದ ಪಕ್ಕದಲ್ಲಿ ಇನ್ನೊಬ್ಬರು ಕೂತು, ಪ್ರತಿ ಎಳೆಗೂ ಆ ಕಡೆಯಿಂದ ಲಾಳಿ ಎಸೀಬೇಕು. ಎಸೆಯೋರು ಒಂದು ಕ್ಷಣ ಮೈಮರೆತರೆ ನೇಯೋನ ಕೈ ನಿಲ್ಲುತ್ತೆ. ಅದರ ಹಿಂದೆ ಕಂಡಿಕೆ ಸುತ್ತೋ ಕೆಲಸ, ಹಾಸಿನಲ್ಲಿ ತುಂಡಾದ ಎಳೆ ಕೂಡಿಸೋ ಕೆಲಸ. ಅಂಗಡಿಯಲ್ಲಿ ಸೀರೆ ತಗೊಳೋವಾಗ ನೇಯ್ದವನು ಯಾರು ಅಂತ ಒಬ್ಬಿಬ್ಬರಾದರೂ ಕೇಳ್ತಾರೆ. ಪಕ್ಕದಲ್ಲಿ ಕೂತವರು ಯಾರು ಅಂತ ಯಾರೂ ಕೇಳಿದ್ದು ನಾನು ಕಾಣೆ.

ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ನಾನು ಹೈಸ್ಕೂಲಿಗೆ ಸೇರಿದೆ. ಪಕ್ಕದಲ್ಲಿ ಕೂರ್ತಿದ್ದ ಚಿಕ್ಕಪ್ಪ ಅದೇ ವರ್ಷ ಬೇರೆ ಮಗ್ಗ ಹಾಕ್ಕೊಂಡು ಹೋದ. ಅಕ್ಕ ಲಾಳಿ ಹಿಡಿದಳು. ಆರು ವರ್ಷ, ಮದುವೆ ಆಗೋ ತನಕ. ಅಷ್ಟು ಹೊತ್ತಿಗೆ ನಾನು ಎಂಜಿನಿಯರಿಂಗ್ ಎರಡನೇ ವರ್ಷ. ನಾಯ್ಕಾನ್‌ನಲ್ಲಿ ಒಂದು ಅಭ್ಯಾಸ ಇದೆ, ನಮ್ಮನ್ನ ಸಾಕೋದಕ್ಕೆ ಎಷ್ಟು ಖರ್ಚಾಯ್ತು ಅಂತ ರೂಪಾಯಿ-ಪೈಸೆಯಲ್ಲಿ ಲೆಕ್ಕ ಹಾಕೋದು. ಕೇಳೋಕೆ ಒರಟು ಅನ್ನಿಸುತ್ತೆ, ಆದರೆ 'ತಾಯಿಯ ಋಣ ತೀರಿಸೋಕಾಗುತ್ತಾ' ಅಂತ ಕೈಮುಗಿದು ಸುಮ್ಮನಾಗೋದಕ್ಕಿಂತ ಇದು ಪ್ರಾಮಾಣಿಕ. ಋಣ ಅಪಾರ ಅಂತ ಹೇಳಿಬಿಟ್ಟರೆ ಲೆಕ್ಕ ಹಾಕೋ ಕಷ್ಟ ಇಲ್ವಲ್ಲ. ಮಾವ ಇದನ್ನ ಕೇಳಿದ್ದೇ ತಡ, ಸುಮ್ಮನಿರೋ ನಿಯಮ ಮುರಿದು ಪೆನ್ನು ತಂದರು.

"ದಿನಕ್ಕೆ ಎಷ್ಟು ತಾಸು ಕೂರ್ತಿದ್ಲು?"

"ಆರು ಅಂದ್ಕೋ ಮಾವ."

"ತಿಂಗ್ಳಿಗೆ ಇಪ್ಪತ್ತೈದು ದಿನ. ನೂರೈವತ್ತು ತಾಸು. ವರ್ಷಕ್ಕೆ ಸಾವಿರದ ಎಂಟುನೂರು. ಆರು ವರ್ಷಕ್ಕೆ ಹತ್ತು ಸಾವಿರದ ಎಂಟುನೂರು." ಗುಮಾಸ್ತೆ ತಲೆ, ಕ್ಯಾಲ್ಕುಲೇಟರ್ ಬೇಕಿಲ್ಲ. "ಕೂಲಿ?"

"ಕೂಲಿ ಇಲ್ಲ ಮಾವ. ಮನೆ ಮಗಳು."

ಕಂಬಳಿಯಾಚೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಮಾಡಿದಷ್ಟು ನೀಡು ಭಿಕ್ಷೆ ಅಂದ್ರು. ನಾವು ವರ್ಷಾ ವರ್ಷಾ ತೇರು ಎಳೀತೀವಿ. ಈ ಹುಡುಗಿ ಮಾಡಿದಷ್ಟು ಯಾರ್ ನೀಡಿದ್ರು?" ಅಂದರು. ಇದು ನಿಯಮಕ್ಕೆ ವಿರುದ್ಧ. ನಾನು ಸುಮ್ಮನಿದ್ದೆ.

ಅರ್ಧಕ್ಕಿಂತ ಹೆಚ್ಚು ಹೊತ್ತು ಮೂರನೇ ಪ್ರಶ್ನೆಗೆ ಕೊಡಬೇಕು ಅನ್ನೋದು ಅಲ್ಲಿಯ ಪದ್ಧತಿ. ಇಲ್ಲಿ ಜನ ತಪ್ಪು ತಿಳ್ಕೊಳೋ ಸಾಧ್ಯತೆ ಇದೆ. ತೊಂದರೆ ಅಂದರೆ ಅಪರಾಧ ಅಲ್ಲ. ಹದಿಮೂರು ವರ್ಷದ ಹುಡುಗ ಹೈಸ್ಕೂಲಿಗೆ ಹೋದದ್ದರಲ್ಲಿ ತಪ್ಪೇನಿದೆ? ಓದೋ ವಯಸ್ಸು, ಓದಿದೆ. ಆದರೂ ಒಂದು ಮನೆಯಲ್ಲಿ ಒಬ್ಬರ ಫೀಸಿಗೆ ಮಾತ್ರ ದುಡ್ಡಿದ್ದಾಗ, ಆ ಒಬ್ಬ ನಾನಾದರೆ, ಆಗದವಳು ಅವಳಾದಳು. ತಪ್ಪು ಯಾರದ್ದೂ ಆಗದೆ ಭಾರ ಮಾತ್ರ ಒಬ್ಬರ ಮೇಲೆ ಬೀಳೋ ಇಂಥ ಜಾಗಗಳು ಎಲ್ಲಾ ಮನೆಯಲ್ಲೂ ಇರ್ತವೆ. ಅವುಗಳಿಗೆ ನಮ್ಮ ಭಾಷೆಯಲ್ಲಿ ಕಾಲಂ ಇಲ್ಲ. ಪಾಪ-ಪುಣ್ಯದ ಪುಸ್ತಕದಲ್ಲಿ ಅದು ಬರಲ್ಲ, ಏಕೆಂದರೆ ಯಾರೂ ಪಾಪ ಮಾಡಿಲ್ಲ. ಮುಯ್ಯಿ ಪುಸ್ತಕದಲ್ಲಿ ಬರಲ್ಲ, ಏಕೆಂದರೆ ಮನೆಯವರು ಮುಯ್ಯಿ ಹಾಕಲ್ಲ. ಅದಕ್ಕೇ ಅದು ಯಾರ ಕಣ್ಣಿಗೂ ಬೀಳದೆ ಹಾಗೇ ಉಳಿಯುತ್ತೆ. ಈ ಮೂರನೇ ಕಾಲಂ ಒಂದಕ್ಕೇ ನಾನು ಯೋಶಿಮೊತೊಗೆ ಕೈಮುಗೀತೀನಿ.

ಹಾಗಂತ ಇದನ್ನ ಎಲ್ಲರಿಗೂ ಹೇಳ್ಕೊಂಡು ತಿರುಗಬೇಡಿ. ನನ್ನ ಒಬ್ಬ ಗೆಳತಿ ಉತ್ಸಾಹದಿಂದ "ನಾನೂ ಮಾಡ್ಲಾ, ನಮ್ಮತ್ತೆ ಮೇಲೆ ಟ್ರೈ ಮಾಡ್ತೀನಿ" ಅಂದಳು. ಅವಳ ಮನೆಯ ಕಥೆ ನನಗೆ ಗೊತ್ತು. ಬೇಡ ಅಂದೆ. ನಾಲ್ಕನೇ ಪ್ರಶ್ನೆ ಇಲ್ಲದಿರೋದು ಜೈಲಿನಲ್ಲಿರೋನಿಗೆ ಒಳ್ಳೆಯದು, ಅಲ್ಲಿ ತೊಂದರೆ ಕೊಟ್ಟವನು ಅವನೇ. ದಿನಾ ಬೈಗುಳ ತಿನ್ನೋ ಸೊಸೆಗೆ, ಏಟು ತಿಂದು ಬೆಳೆದ ಮಗುವಿಗೆ ಆ ನಾಲ್ಕನೇ ಪ್ರಶ್ನೆಯೇ ಮೊದಲು ಬೇಕು. ನಮ್ಮ ಮನೆಗಳಲ್ಲಿ ಕೃತಜ್ಞತೆಯನ್ನ ಯಾರಿಂದ ಕೇಳ್ತಾರೆ ನೋಡಿ. 'ಅನ್ನ ಹಾಕಿ ಸಾಕಿಲ್ವಾ', 'ಮದುವೆ ಮಾಡಿ ಕೊಟ್ಟಿಲ್ವಾ' ಅಂತ ಕೇಳೋದು ಹೆಣ್ಣುಮಕ್ಕಳನ್ನ, ಸೊಸೆಯರನ್ನ, ಮನೆ ಕೆಲಸದವರನ್ನ. ಹೆಚ್ಚು ಕೊಟ್ಟವರ ಕೈಯಲ್ಲೇ ಪೆನ್ನು ಕೊಟ್ಟು 'ಏನೇನು ಪಡೆದೆ ಬರಿ' ಅನ್ನೋದು ಇದು. ದೊಡ್ಡಪ್ಪನ 'ಅವಳೇನು ಒಲ್ಲೆ ಅಂತಾಳಾ' ಅನ್ನೋ ಮಾತಿನೊಳಗೆ ಇರೋದೂ ಅದೇ. ಈ ಪುಸ್ತಕವನ್ನ ಜಾಸ್ತಿ ಪಡೆದವನು ತನಗೋಸ್ಕರ, ತಾನೇ ಬರ್ಕೋಬೇಕು. ಇನ್ನೊಬ್ಬರ ಮುಂದೆ ಹಿಡಿದ ಕ್ಷಣ ಅದು ವಸೂಲಿ ಪುಸ್ತಕ.

ನಾಲ್ಕನೇ ದಿನ ಬೆಳಗ್ಗೆ ಮೊಳಕಾಲ್ಮೂರಿಗೆ ಬಸ್ ಹತ್ತಿದೆ. ದಾರಿಯಲ್ಲಿ ತಳುಕು ಬರುತ್ತೆ. ಟಿ. ಎಸ್. ವೆಂಕಣ್ಣಯ್ಯನವರ ಊರು, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಕುವೆಂಪು ತಮ್ಮ ರಾಮಾಯಣ ದರ್ಶನಂ ಅನ್ನು ಅರ್ಪಿಸಿದ್ದು ಈ ಗುರುಗಳಿಗೆ. ಪುಸ್ತಕ ಬಂದದ್ದು 1949ರಲ್ಲಿ, ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಹತ್ತು ವರ್ಷ ತಡ. ಆದರೂ ಅದು ಕನ್ನಡದ ಅತ್ಯಂತ ದೊಡ್ಡ ಮುಯ್ಯಿ ಇರಬೇಕು. ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಬ್ರಹ್ಮಗಿರಿ ಇದೆ, ಸಿದ್ದಾಪುರ ಇದೆ, ಜಟಿಂಗ ರಾಮೇಶ್ವರ ಇದೆ. ಮೂರೂ ಕಡೆ ಅಶೋಕನ ಶಾಸನ. ಬಿ. ಎಲ್. ರೈಸ್ ಅವುಗಳನ್ನ 1892ರ ಸುಮಾರಿಗೆ ಬೆಳಕಿಗೆ ತಂದರು. ಚಪಡ ಅನ್ನೋ ಲಿಪಿಕಾರ ಬರೆದಿದ್ದು. ಶಾಲೆಯಿಂದ ಟ್ರಿಪ್ ಅಂತ ಕರ್ಕೊಂಡು ಹೋದಾಗ ನಾವು ಬಂಡೆ ಮೇಲೆ ಜಾರುಗುಪ್ಪೆ ಆಡಿದ್ದಷ್ಟೇ ನೆನಪು. ಅದರಲ್ಲಿ ಏನಿದೆ ಅಂತ ನೋಡಿದರೆ ಇದೇ ಸಂಬಂಧಗಳ ಮಾತು: ತಂದೆತಾಯಿ ಹೇಳಿದ್ದು ಕೇಳಬೇಕು, ಗುರುವನ್ನ ಗೌರವಿಸಬೇಕು, ನಿಜ ನುಡೀಬೇಕು, ಬಂಧುಗಳ ಜೊತೆ ತಕ್ಕ ಹಾಗೆ ನಡ್ಕೋಬೇಕು. ಎರಡು ಸಾವಿರದ ಇನ್ನೂರು ವರ್ಷದಿಂದ ನಮ್ಮ ತಾಲ್ಲೂಕಿನ ಬಂಡೆ ಇದನ್ನ ಹೇಳ್ತಾ ಇದೆ. ಅದು ರಾಜಾಜ್ಞೆ, ಬೇಕು ಬೇಕು ಅಂತ ಹೇಳುತ್ತೆ. ಬಂಧುಗಳ ಜೊತೆ ತಕ್ಕ ಹಾಗೆ ಅಂದರೆ ಹೇಗೆ ಅಂತ ಬಂಡೆ ಹೇಳಲ್ಲ. ಅದನ್ನ ಅವರವರ ಮನೆಯಲ್ಲೇ ಕಂಡ್ಕೋಬೇಕು.

ಮನೆಯಲ್ಲಿ ಅಕ್ಕ ಇದ್ದಳು. ಅಮ್ಮನ ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು ಅಂತ ಒಂದು ವಾರಕ್ಕೆ ಬಂದಿದ್ದಳು. ನಾಯ್ಕಾನ್‌ನಲ್ಲಿ ಬರೆದದ್ದನ್ನ ಆ ವ್ಯಕ್ತಿಗೆ ತೋರಿಸೋ ಪದ್ಧತಿ ಇಲ್ಲ. ನಾನು ತೋರಿಸಲೂ ಇಲ್ಲ. ಸ್ನಾನ ಮಾಡಿ ಬರೋಷ್ಟರಲ್ಲಿ ಬ್ಯಾಗಿನಿಂದ ಚಾರ್ಜರ್ ತಗೊಳೋಕೆ ಹೋದವಳಿಗೆ ನೋಟ್‌ಬುಕ್ಕು ಸಿಕ್ಕಿ, ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಓದ್ತಾ ಇದ್ದಳು. ಕನ್ನಡಕ ಮೂಗಿನ ತುದಿಗೆ. ನಾನು ಬಾಗಿಲಲ್ಲೇ ನಿಂತೆ.

"ಸ್ಲೇಟು ನಂದಲ್ಲ ಕಣೋ" ಅಂದಳು, ತಲೆ ಎತ್ತದೆ. "ಪಕ್ಕದ್ಮನೆಯವಳ್ದು. ಅದಕ್ಕೆ ಒಂದ್ ವಾರ ಅವಳಿಗೆ ಹುಣಸೇಹಣ್ಣು ಕೊಟ್ಟೆ." ಇನ್ನೊಂದು ಹಾಳೆ ತಿರುವಿದಳು. "ಈ ತಾಸಿನ ಲೆಕ್ಕ ಯಾರು ಹಾಕಿದ್ದು?"

"ಮಾವ."

"ಕಮ್ಮಿ ಆಯ್ತು. ಮದ್ವೆ ಸೀಜನ್‌ನಾಗೆ ಭಾನುವಾರನೂ ಬಿಡ್ತಿರ್ಲಿಲ್ಲ ಅಪ್ಪ."

ಅಳ್ತಾಳೇನೋ ಅಂತ ಒಂದು ಭಯ ಇತ್ತು. ಅಳಲಿಲ್ಲ. ಶೆಡ್ಡಿನ ಒಂದು ಮಗ್ಗ ಈಗ ಬಿಚ್ಚಿ ಮೂಲೆಗಿಟ್ಟಿದೆ, ಇನ್ನೊಂದನ್ನ ಬೇರೆಯವರು ಬಾಡಿಗೆಗೆ ತಗೊಂಡಿದ್ದಾರೆ. ಅದರ ಸದ್ದಿನ ಮಧ್ಯೆ ನಾನು ಹೇಳಬೇಕಾದ್ದನ್ನ ಹೇಳಿದೆ. ಬಿಡುಗಡೆ ಪತ್ರ ಮಾಡಿಸೋದಿಲ್ಲ, ಮೂವರ ಹೆಸರಿಗೂ ಖಾತೆ ಆಗಲಿ, ದೊಡ್ಡಪ್ಪನ ಹತ್ತಿರ ನಾನೇ ಮಾತಾಡ್ತೀನಿ ಅಂತ.

ಅಕ್ಕ ನೋಟ್‌ಬುಕ್ಕು ಮುಚ್ಚಿದಳು. "ಇದನ್ನ ಬರ್ದಿದ್ದಕ್ಕೆ ಕೊಡ್ತಿದೀಯಾ?"

ನಾನು ಉತ್ತರ ಹುಡುಕ್ತಾ ಇದ್ದೆ. ಅವಳು ಕಾಯಲಿಲ್ಲ.

"ಹಂಗಾದ್ರೆ ನಂಗ್ ಬೇಡ. ಮುಯ್ಯಿ ಅಂತ ಕೊಟ್ರೆ ನಾಳೆ ನಾನು ತಿರುಗಿ ಹಾಕ್ಬೇಕಾಗ್ತೈತೆ. ತಮ್ಮ ದೊಡ್ಡ ಮನಸು ಮಾಡಿ ಕೊಟ್ಟ ಅಂತ ಊರೆಲ್ಲ ಹೇಳ್ತಾರೆ, ನಾನು ಹೂಂ ಹೂಂ ಅಂತಿರ್ಬೇಕು. ಪಾಲು ಅಂತ ಕೊಟ್ರೆ ಇಸ್ಕಂತೀನಿ. ಅದು ಅಪ್ಪ ಬಿಟ್ಟೋಗಿದ್ದು. ನೀನು ಕೊಡೋದು ಅಲ್ಲ."

ಮೂರು ದಿನ ಕಂಬಳಿ ಹಿಂದೆ ಕೂತು ನಾನು ಕಾಣದೇ ಇದ್ದದ್ದನ್ನ ಅಕ್ಕ ಮೆಟ್ಟಿಲ ಮೇಲೆ ಕೂತು ಎರಡು ನಿಮಿಷದಲ್ಲಿ ಹೇಳಿದಳು. ಒಂದು ಕಡೆ ಹತ್ತು ಸಾವಿರ ತಾಸು, ಇನ್ನೊಂದು ಕಡೆ ಮನೆಯ ಮೂರನೇ ಒಂದು ಭಾಗ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಸಾಲ ತೀರಿದ ಹಾಗೆ ಕಾಣುತ್ತೆ. ತೀರಿಲ್ಲ. ಪಾಲು ಆ ಪುಸ್ತಕದೊಳಗೆ ಬರೋದೇ ಅಲ್ಲ, ಅದಕ್ಕೆ ಬೇರೆ ಕಚೇರಿ, ಬೇರೆ ಕಾಗದ ಇದೆ. ತಾಸಿನ ಲೆಕ್ಕ ಪಾಲು ಕೊಟ್ಟ ಮೇಲೂ ಹಾಗೇ ಇರುತ್ತೆ. ನಾನು ಅಕ್ಕನಿಗೆ "ಪಾಲೇ" ಅಂದೆ. "ಹಂಗಾದ್ರೆ ಸರಿ, ಕಾಫಿ ಕುಡಿ" ಅಂದಳು.

ದೊಡ್ಡಪ್ಪ ಆಮೇಲೆ ಒಂದು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಈಗ ಎತ್ತುತ್ತಾರೆ, ಆದರೆ ಮಳೆ-ಬೆಳೆ ಬಿಟ್ಟು ಬೇರೆ ಮಾತಿಲ್ಲ. ವಂಶವೃಕ್ಷ ಮಾಡಿಸಿದ್ದಾಯ್ತು. ಅಕ್ಕನ ಆಧಾರ್‌ನಲ್ಲಿ ಅಪ್ಪನ ಹೆಸರಿನ ಬದಲು ಭಾವನ ಹೆಸರಿದೆ, ಅದೂ ತೆಲುಗಿನಲ್ಲಿ. ಅದಕ್ಕೊಂದು ಅಫಿಡವಿಟ್ಟು ಬೇಕಂತೆ. ಮುಂದಿನ ತಿಂಗಳು ಮತ್ತೆ ಎರಡು ದಿನ ರಜೆ.

ನಾಯ್ಕಾನ್ ಬಿಟ್ಟಿಲ್ಲ. ಅದರಲ್ಲಿ ದಿನನಿತ್ಯದ್ದು ಅಂತ ಒಂದು ಚಿಕ್ಕ ಬಗೆ ಇದೆ. ರಾತ್ರಿ ಅರ್ಧ ಗಂಟೆ, ಆ ದಿನ ಎದುರಾದವರಲ್ಲಿ ಒಬ್ಬರನ್ನ ಇಟ್ಕೊಂಡು ಮೂರು ಪ್ರಶ್ನೆ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರ ಹಾಳೆ, ಪಕ್ಕದ ಸೀಟಿನ ಸಹೋದ್ಯೋಗಿಯ ಹಾಳೆ, ಹೆಂಡತಿಯ ಹಾಳೆಗಳಂತೂ ಒಂದು ನೋಟ್‌ಬುಕ್ಕೇ ಆಗಿದೆ. ಅವಳು ಅದನ್ನ ಓದಲ್ಲ, ಅಕ್ಕನ ಥರ ತಿದ್ದೋಕೆ ಶುರು ಮಾಡಿದರೆ ಮುಗಿಯಲ್ಲ ಅಂತಾಳೆ. ವಾರಕ್ಕೊಮ್ಮೆ ಮಾವ ಫೋನ್ ಮಾಡಿ "ಏನಪ್ಪ ಅಳಿಯ, ಲೆಕ್ಕ ಎಲ್ಲಿಗೆ ಬಂತು?" ಅಂತಾರೆ. ನಾನು ಹೇಳ್ತೀನಿ. ಅವರು "ಹೂಂ" ಅಂತ ಇಟ್ಟುಬಿಡ್ತಾರೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು, ಅಫಿಡವಿಟ್ಟಿಗೆ ಫೋಟೋ ಎಷ್ಟು ಬೇಕು ಅಂತ ಕೇಳೋಕೆ. ಇಡೋ ಮುಂಚೆ ನೆನಪಾದ ಹಾಗೆ ಕೇಳಿದಳು: "ಆ ಪುಸ್ತಕದಾಗೆ ಪಕ್ಕದ್ಮನೆಯವಳ ಹೆಸರು ಬರ್ದ್ಯೇನೋ?"

ಬರೆದಿದ್ದೀನಿ. ಸ್ಲೇಟು ಒಂದು. ಹುಣಸೇಹಣ್ಣು ಒಂದು ವಾರದ್ದು, ಅಕ್ಕನ ಬಾಬ್ತು.